ಹೋಟೆಲ್ ಮುಂದಿನ ಹದಿನಾಲ್ಕು ಬೋರಿಂಗು

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತನಾದ ದಿನದವರೆಗೆ ನಾನು ದಿನಚರಿ ಬರೆದಿದ್ದೇನೆ. ಹಾಗೆಂದು ನನ್ನ ನೆನಪನ್ನು ನಂಬಬಹುದು ಎಂದು ಯಾರೂ ತಿಳಿಯಬಾರದು. ದಿನಚರಿ ಇರುವುದರಿಂದಲೇ ನನ್ನ ನೆನಪು ಎಷ್ಟು ಸರಾಗವಾಗಿ ಸುಳ್ಳು ಹೇಳುತ್ತದೆ ಎಂಬುದು ನನಗೆ ಗೊತ್ತಾಗಿದೆ. ದಿನಚರಿ ಬರೆಯದವರು ಈ ಒಂದು ವಿಷಯದಲ್ಲಿ ಸುಖಿಗಳು.

ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಮಾಡಿ ಬಂದವನು ಕೊಪ್ಪಳ ಜಿಲ್ಲೆಯಲ್ಲಿ ಮೊದಲು ಹೊಲ ಅಳೆಯುವ ಸರ್ವೇಯರ್ ಆದೆ. ಕೊನೆಯ ಕೆಲವು ವರ್ಷ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ವಿಭಾಗದಲ್ಲಿದ್ದೆ. ಈಗ ಅದೇ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ಡ್ರೋನು ಹಾರಿಸುತ್ತಾರೆ, ನಾವು ಒಂದು ವಾರ ನಡೆದು ಮಾಡುತ್ತಿದ್ದುದನ್ನು ಊಟದ ಹೊತ್ತಿಗೆ ಮುಗಿಸುತ್ತಾರೆ. ಅವರಲ್ಲಿ ಕೆಲವರು, "ಸರ್, ಏನಾದರೂ ಬರೆದುಕೊಡಿ" ಎಂದರು. ಬಡ್ತಿ, ವರ್ಗಾವಣೆಗಳೆಲ್ಲ ಸೇವಾ ಪುಸ್ತಕದಲ್ಲಿವೆ. ಅಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ನಾನು ಸೇರಿದಾಗ ಸರಪಳಿಯ ಕಾಲ. ಒಬ್ಬ ಮುಂದಿನ ತುದಿ ಹಿಡಿದು ನಡೆಯಬೇಕು, ಇನ್ನೊಬ್ಬ ಹಿಂದಿನ ತುದಿ. ಯಲಬುರ್ಗಾ ತಾಲ್ಲೂಕಿನ ಒಂದು ಹೊಲದಲ್ಲಿ ಮೂಲೆಯ ಬಾಂದುಕಲ್ಲು ಸಿಗಲಿಲ್ಲ. ಹಳೆಯ ನಕಾಶೆಯಲ್ಲಿ ಕಲ್ಲು ಇದೆ, ನೆಲದಲ್ಲಿ ಇಲ್ಲ. ಅರ್ಧ ದಿನ ಅಗೆದು ಸುಸ್ತಾಗಿ, ನೀರು ಕುಡಿಯಲು ಹೊಲದ ಮಾಲೀಕರ ಮನೆಗೆ ಹೋದೆವು. ಕಲ್ಲು ಅಲ್ಲಿತ್ತು. ಮಾಲೀಕರ ತಾಯಿ ಬಚ್ಚಲ ಪಕ್ಕದಲ್ಲಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಅವ್ವಾ, ಇದು ಸರ್ಕಾರದ ಕಲ್ಲು" ಎಂದೆ.

"ಇಷ್ಟು ವರ್ಷ ಆತು, ಸರ್ಕಾರ ಒಂದಿನಾನೂ ಕೇಳಾಕ ಬಂದಿಲ್ಲಲ್ಲೋ ತಮ್ಮಾ. ಇನ್ನೆರಡು ಸೀರಿ ಅದಾವ. ಒಗದು ಕೊಡ್ತೀನಿ, ತಡಿ."

ಎರಡು ಸೀರೆ ಮುಗಿಯುವವರೆಗೆ ಸರ್ಕಾರ ಬಚ್ಚಲ ಮುಂದೆ ಕಾಯಿತು.

ಮುಂದೆ ಕಂಪ್ಯೂಟರು ಬಂತು, ಆಕಾಶದಿಂದ ತೆಗೆದ ಚಿತ್ರಗಳು ಬಂದವು. ಕುರ್ಚಿಯಲ್ಲಿ ಕುಳಿತೇ ಇಡೀ ಜಿಲ್ಲೆ ಕಾಣುತ್ತದೆ ಎಂದು ನಮಗೆಲ್ಲ ಸ್ವಲ್ಪ ಸೊಕ್ಕು ಏರಿತು. ಗಿಣಿಗೇರಾದ ಆಚೆ ಒಂದು ಕಡೆ ಕಪ್ಪಗೆ, ನುಣ್ಣಗೆ, ಅಂಚು ಸ್ಪಷ್ಟವಾಗಿದ್ದ ಜಾಗ ಕಂಡಿತು. ನಾನು ಅದಕ್ಕೆ ನೀಲಿ ಬಣ್ಣ ತುಂಬಿ "ಕೆರೆ" ಎಂದು ಬರೆದೆ. ನೋಡಿಕೊಂಡು ಬರೋಣವೆಂದು ಹೋದರೆ ಅದು ಅದಿರಿನ ಪುಡಿ ರಾಶಿ ಹಾಕಿದ ಬಯಲು. ಪಾಳಿ ಮುಗಿಸಿ ಸೈಕಲ್ ಮೇಲೆ ಹೊರಟಿದ್ದ ಕಾರ್ಮಿಕರೊಬ್ಬರು ನನ್ನ ಕೈಯಲ್ಲಿದ್ದ ನಕಾಶೆ ಇಣುಕಿ ನೋಡಿ, "ಟಾವೆಲ್ ತಂದೀರೇನ್ರಿ ಸಾಹೇಬ್ರ, ಈಜಾಕ?" ಎಂದರು. ನೀಲಿ ಬಣ್ಣವನ್ನು ಅಂದೇ ಅಳಿಸಿದೆ.

ಇವು ಸಣ್ಣ ತಪ್ಪುಗಳು. ದೊಡ್ಡದು ಇನ್ನು ಬರುತ್ತದೆ.

ಕುಷ್ಟಗಿ ತಾಲ್ಲೂಕಿನಲ್ಲಿ, ಹನುಮಸಾಗರದ ಆಚೆಗೆ ಒಂದು ಊರು. ಅದರ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ಆಗ ಪ್ರತಿ ಊರಿನ ಸಾರ್ವಜನಿಕ ಬೋರಿಂಗುಗಳನ್ನು ನಕಾಶೆಯ ಮೇಲೆ ತರುವ ಕೆಲಸ ನಮಗೆ ಬಂದಿತ್ತು. ನಮ್ಮ ಕಡೆ ಬೋರಿಂಗು ಎಂದರೆ ಕೈಪಂಪು ಕೂಡಿಸಿದ ಕೊಳವೆಬಾವಿ. ಪಂಚಾಯಿತಿಯ ವಾಟರ್‌ಮನ್ ಪ್ರತಿ ಬೋರಿಂಗಿಗೆ ಹೋಗಿ ಫೋನಿನಲ್ಲಿ ಫೋಟೊ ತೆಗೆದು, ನಾಲ್ಕು ವಿವರ ತುಂಬಿ, ಕೊನೆಗೆ ಒಂದು ಗುಂಡಿ ಒತ್ತಬೇಕು. ಒತ್ತಿದಾಗ ಆ ಜಾಗ ತಾನೇ ನಕಾಶೆಯ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಯಾವ ಓಣಿಗೆ ಹತ್ತಿರದಲ್ಲಿ ಚುಕ್ಕೆ ಇಲ್ಲವೋ ಆ ಓಣಿಗೆ ಒಂದು ಗುಮ್ಮಿ, ಅಂದರೆ ಕಟ್ಟೆಯ ಮೇಲೆ ಕೂಡಿಸಿ ನಾಲ್ಕು ನಳ ಹಚ್ಚಿದ ನೀರಿನ ತೊಟ್ಟಿ, ಕೊಡುವುದೆಂದು ಯೋಜನೆ.

ನಕಾಶೆ ಸಿದ್ಧವಾದ ಮೇಲೆ ಅದನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಇಡಬೇಕೇ ಬೇಡವೇ ಎಂಬ ಮಾತು ಬಂತು. ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು ಒಳ್ಳೆಯವರು, ಆದರೆ ಸಿಟ್ಟು ಬಂದರೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒರೆಸುವುದು ಎಷ್ಟು ಹೊತ್ತು ನಡೆಯುತ್ತದೆ ಎಂಬುದರ ಮೇಲೆ ನಮ್ಮ ಗತಿ. ಅಂದು ಅವರು ಒರೆಸುತ್ತ, "ಮಂದಿ ಮುಂದ ಇಟ್ರ ಮಂದಿ ತಪ್ಪು ಹುಡುಕ್ತಾರ್ರಿ" ಎಂದರು.

"ಹುಡುಕಲಿ ಅಂತನ ಇಡೋದ್ರಿ ಸರ" ಎಂದು ನಾನು ಧೈರ್ಯವಾಗಿ ಹೇಳಿದೆ. ಇದನ್ನು ನಾನು ಎಷ್ಟೋ ತರಬೇತಿಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಬರೆಯುವ ಮುನ್ನ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟು: "ದೇಸಾಯಿ ಸಾಹೇಬರು ಬೇಡವೆಂದರು. ನಾನೂ ಹೌದೆಂದೆ. ಮಧ್ಯಾಹ್ನ ಮೇಲಿನಿಂದ ಇಡಿ ಎಂದು ಆದೇಶ ಬಂತು. ಇಟ್ಟೆವು."

ಇಟ್ಟ ಕೆಲವು ವಾರಗಳಲ್ಲಿ, ಒಂದು ಗುರುವಾರ ಬೆಳಿಗ್ಗೆ, ಇಬ್ಬರು ಹೆಂಗಸರು ಕೊಪ್ಪಳದ ನಮ್ಮ ಕಚೇರಿಗೆ ಬಂದರು. ಹಿರಿಯಾಕೆ ಮಾಬವ್ವ. ಕಾಗದದಲ್ಲಿ ಮೆಹಬೂಬಬಿ, ಊರಿಗೆಲ್ಲ ಮಾಬವ್ವ. ಅವರ ಮನೆತನದವರು ತಲೆಮಾರುಗಳಿಂದ ಬುಟ್ಟಿಯಲ್ಲಿ ಬಳೆ ಹೊತ್ತು ಸುತ್ತಿನ ಹಳ್ಳಿಗಳಿಗೆ ಮಾರುವವರು. ಜೊತೆಗಿದ್ದವಳು ಮಗಳು ರೇಷ್ಮಾ. ಬಿ.ಎ. ಮುಗಿಸಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು.

ಮಾಬವ್ವ ಕೂರಲಿಲ್ಲ. "ಸಾಹೇಬ, ನಮ್ಮ ಓಣಿ ಮುಂದ ಹದಿನಾಕು ಬೋರಿಂಗ್ ಅದಾವಂತ. ನಾ ಆ ಊರಿಗೆ ಸೊಸಿಯಾಗಿ ಬಂದಾಗಿಂದ ಹುಡುಕಾಕತ್ತೀನಿ, ಒಂದೂ ಸಿಕ್ಕಿಲ್ಲ. ತೋರಸ್ ಬರ್ರಿ, ಪುಣ್ಯಾ ಬರತೈತಿ."

ನನಗೆ ಅರ್ಥವಾಗಲಿಲ್ಲ. ರೇಷ್ಮಾ ಫೋನು ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮ ಓಣಿ ಗುಮ್ಮಿ ಪಟ್ಟ್ಯಾಗ ಇಲ್ಲ ಸರ್. ಪಂಚಾಯ್ತ್ಯಾಗ ಕೇಳಿದ್ರ, ನಿಮಗ ನೀರು ಹತ್ರ ಐತಿ, ನಕಾಶೆ ಹೇಳತೈತಿ ಅಂದ್ರು. ಅದಕ್ಕ ನಕಾಶೆನ ತಗದು ನೋಡಿದ್ನಿ. ಇಲ್ಲಿ ಒಂದ ಚುಕ್ಕಿ ಕಾಣತೈತಿ ಹೌದಲ್ರಿ? ಒತ್ತಿ ನೋಡ್ರಿ."

ಒತ್ತಿದೆ. ಒಂದೇ ಚುಕ್ಕೆಯ ಒಳಗಿನಿಂದ ಹದಿನಾಲ್ಕು ಹೆಸರುಗಳ ಪಟ್ಟಿ ಬಿಚ್ಚಿಕೊಂಡಿತು. ಊರಿನ ಅಷ್ಟೂ ಬೋರಿಂಗುಗಳು ಒಂದರ ಮೇಲೊಂದು ಕೂತಿದ್ದವು. ಕೂತ ಜಾಗ ಶಂಕ್ರಪ್ಪನ ಚಹಾ ಹೋಟೆಲಿನ ಕಟ್ಟೆ. ಹೋಟೆಲಿನ ಹಿಂದಿನ ಓಣಿಯೇ ಮಾಬವ್ವನದು. ಇಡೀ ತಾಲ್ಲೂಕಿನಲ್ಲಿ ಅಷ್ಟು ನೀರಿರುವ ಓಣಿ ನಮ್ಮ ನಕಾಶೆಯಲ್ಲಿ ಇನ್ನೊಂದಿರಲಿಲ್ಲ.

ಏನಾಗಿತ್ತು ಎಂಬುದು ಕೂಡಲೇ ಹೊಳೆಯಿತು. ಆ ಊರಲ್ಲಿ ಸಿಗ್ನಲ್ ಸಿಗುತ್ತಿದ್ದುದು ಹೋಟೆಲಿನ ಕಟ್ಟೆಯ ಮೇಲೆ ಮಾತ್ರ. ವಾಟರ್‌ಮನ್ ಊರೆಲ್ಲ ಸುತ್ತಿ ಫೋಟೊ ತೆಗೆದು, ಕಟ್ಟೆಗೆ ಬಂದು, ಒಂದೊಂದಾಗಿ ಗುಂಡಿ ಒತ್ತಿದ್ದ. ಯಂತ್ರ ಫೋಟೊ ತೆಗೆದ ಜಾಗವನ್ನಲ್ಲ, ಗುಂಡಿ ಒತ್ತಿದ ಜಾಗವನ್ನು ಬರೆದುಕೊಂಡಿತ್ತು.

ದೇಸಾಯಿ ಸಾಹೇಬರು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು. "ಆ ಹೋಟೆಲ್ ಕೆಳಗ ಸಮುದ್ರ ಐತೇನ್ರಿ?" ಎಂದರು. ಆಮೇಲೆ ಮಾಬವ್ವನ ಕಡೆ ತಿರುಗಿ, ನಿಧಾನವಾಗಿ, "ಸೋಮವಾರ ಪಟ್ಟಿಗೆ ಸಹಿ ಬೀಳತೈತಬೇ. ಅಷ್ಟರೊಳಗ ಇವ್ರು ಸರಿ ಮಾಡಿಕೊಟ್ರ ನಿಮ್ಮ ಓಣಿ ಸೇರತೈತಿ. ಇಲ್ಲಂದ್ರ ಇನ್ನೊಂದು ಪಟ್ಟಿ ಯಾವಾಗ ಬರತೈತೋ ನನಗೂ ಗೊತ್ತಿಲ್ಲ" ಎಂದರು.

"ಇವ್ರಂದ್ರ ಯಾರು?" ಎಂದು ಮಾಬವ್ವ ಕೇಳಿದಳು.

ದೇಸಾಯಿ ಸಾಹೇಬರು ನನ್ನ ಕಡೆ ಬೆರಳು ಮಾಡಿದರು. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಯಾ ಅಲ್ಲಾ" ಎಂದಳು.

ಶುಕ್ರವಾರ ಬೆಳಿಗ್ಗೆಯೇ ಆ ಊರಿಗೆ ಹೋದೆ. ಸಿಗ್ನಲ್ ಬೇಡದ ಕೈ ಜಿಪಿಎಸ್ ಯಂತ್ರ ಒಯ್ದಿದ್ದೆ. ಬೋರಿಂಗು ತೋರಿಸಲು ವಾಟರ್‌ಮನ್ ದುರಗಪ್ಪ ಬಂದ. ಸಣಕಲು ಮನುಷ್ಯ, ಸೊಂಟದಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಚಾವಿ. ಆ ಊರಿನ ನೀರಿನ ನಕಾಶೆ ಅವನ ತಲೆಯಲ್ಲೇ ಇತ್ತು. ನಾವು ಸಂಖ್ಯೆ ಕೊಟ್ಟ ಬೋರಿಂಗುಗಳಿಗೆ ಅವನ ಹತ್ತಿರ ಹೆಸರುಗಳಿದ್ದವು.

"ಇದು ಸಾಲಿ ಬೋರಿಂಗ್ರಿ. ನೀರು ಛಲೋ. ಇದು ಗೌಡ್ರ ಬೋರಿಂಗು, ನೀರು ಐತಿ, ಆದ್ರ ಕುಡದ್ರ ಹಲ್ಲು ಕಂದತಾವ. ಬಟ್ಟಿ ಒಗಿಯಾಕಷ್ಟ. ಇದು ಮೂಗನ ಬೋರಿಂಗು."

"ಮೂಗ ಯಾಕೆ?"

"ಎಷ್ಟು ಬಡದ್ರೂ ಮಾತಾಡಂಗಿಲ್ರಿ."

ನಮ್ಮ ನಮೂನೆಯಲ್ಲಿ ಆಳ, ವ್ಯಾಸ, ಪಂಪಿನ ಬಗೆ ಎಲ್ಲಕ್ಕೂ ಕಲಂ ಇತ್ತು. ನೀರು ಕುಡಿಯಲು ಬರುತ್ತದೆಯೇ ಎಂಬ ಕಲಂ ಇರಲಿಲ್ಲ. ಅಂದು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು "ಸ್ಥಳೀಯ ಷರಾ" ಎಂಬ ಹೊಸ ಕಲಂ ಮಾಡಿದೆ. ದುರಗಪ್ಪ ಹೇಳಿದ್ದನ್ನೆಲ್ಲ ಅದರಲ್ಲಿ ತುಂಬಿದೆ. ಮುಂದೆ ಆ ಕಲಂ ಜಿಲ್ಲೆಯ ಎಲ್ಲ ನಮೂನೆಗಳಿಗೂ ಸೇರಿತು. ನನ್ನ ಸೇವೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಕೇಳಿದರೆ ಆ ಪೆನ್ಸಿಲ್ ಗೆರೆಯನ್ನೇ ತೋರಿಸುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕೂ ತಮ್ಮ ತಮ್ಮ ಜಾಗಕ್ಕೆ ಬಂದವು. ಲ್ಯಾಪ್‌ಟಾಪು ತೆರೆದು ಮಾಬವ್ವನ ಓಣಿಯಿಂದ ದೂರ ಲೆಕ್ಕ ಹಾಕಿದೆ. ಶಾಲೆಯ ಹತ್ತಿರದ, ಕುಡಿಯುವ ನೀರಿನ ಸಾಲಿ ಬೋರಿಂಗು ಓಣಿಯ ಪಕ್ಕದ ಹಳ್ಳದ ಆಚೆ ದಂಡೆಯಲ್ಲೇ ಇತ್ತು. ಯಂತ್ರ ಅಳೆಯುವುದು ಹಕ್ಕಿ ಹಾರುವ ದೂರವನ್ನು. ಆ ಲೆಕ್ಕದಲ್ಲಿ ನೀರು ಈಗಲೂ "ಹತ್ತಿರ"ವೇ. ಓಣಿ ಮತ್ತೆ ಪಟ್ಟಿಯ ಹೊರಗೆ.

ಇದನ್ನು ಹೇಗೆ ಹೇಳಬೇಕೆಂದು ತಿಳಿಯದೆ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದೆ. ಮಾಬವ್ವ ಬಂದು ಲ್ಯಾಪ್‌ಟಾಪಿನ ಮೇಲಿನ ನೇರ ಗೆರೆಯನ್ನು ನೋಡಿ, "ಇದೇನು?" ಎಂದಳು. ನಿಮ್ಮ ಓಣಿಯಿಂದ ಬೋರಿಂಗಿಗೆ ಇರುವ ದೂರ ಎಂದೆ.

"ಈ ಹಾದ್ಯಾಗ ಯಾರು ಹೊಕ್ಕಾರ?"

"ಯಾರೂ ಇಲ್ಲ. ಲೆಕ್ಕಕ್ಕೆ ಹಾಕಿದ ಗೆರೆ."

"ಹಂಗಾರ ಲೆಕ್ಕಕ್ಕ ನೀರು ಕೊಡ್ರಿ, ನಮಗ್ಯಾಕ?" ಎಂದು ದುರಗಪ್ಪನ ಕಡೆ ತಿರುಗಿದಳು. "ಲೇ ದುರಗ್ಯಾ, ನಮ್ಮ ಬಂಡಿ ತಗೊಂಬಾ. ಸಾಹೇಬ್ರು ನೀರಿಗೆ ಬರ್ತಾರ."

ಬಂಡಿ ಎಂದರೆ ಕೊಡ ಇಡಲು ಕಬ್ಬಿಣದ ಬಳೆಗಳನ್ನು ಬೆಸೆದ ಸಣ್ಣ ನೂಕುಗಾಡಿ. ಆರು ಕೊಡ ಹಿಡಿಸುತ್ತದೆ. ಸಾಲಿ ಬೋರಿಂಗಿನಲ್ಲಿ ಪಾಳಿ ಹಚ್ಚಿ, ರೇಷ್ಮಾ ಪಂಪು ಹೊಡೆದು ಹೊಡೆದು ಆರೂ ಕೊಡ ತುಂಬಿಸಿದಳು. ಜಿಪಿಎಸ್ ಯಂತ್ರವನ್ನು ನಡೆದ ದಾರಿ ಬರೆದುಕೊಳ್ಳುವಂತೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ನಾನು ಬಂಡಿ ನೂಕತೊಡಗಿದೆ. ಹಳ್ಳ ದಾಟಲು ಅಲ್ಲಿ ದಾರಿಯಿಲ್ಲ. ಶಾಲೆಯ ಗೋಡೆ ಸುತ್ತಬೇಕು, ಗೌಡರ ಕಣ ದಾಟಬೇಕು, ಸೇತುವೆಯವರೆಗೆ ಹೋಗಿ, ಅಷ್ಟೇ ದೂರ ತಿರುಗಿ ಬರಬೇಕು. ಹೋಟೆಲಿನಲ್ಲಿ ಕೂತವರೆಲ್ಲ ಎದ್ದು ಬಂದು ದಾರಿಯುದ್ದಕ್ಕೂ ನಿಂತರು.

"ಎಡಕ್ಕ ಎಳೀತೈತ್ರಿ ಅದು, ಬಲಕ್ಕ ಒತ್ರಿ!"

"ಸರ್ಕಾರದ ನೀರು ಚೆಲ್ಲಾಕತ್ತೈತ್ರಿ!"

"ಸುಮ್ಮನಿರ್ರೋ, ಎಂ.ಎ. ಓದ್ಯಾರವ್ರು" ಎಂದ ಶಂಕ್ರಪ್ಪ.

ಬೆವರಿ, ನಕ್ಕು, ಪ್ಯಾಂಟೆಲ್ಲ ನೆನೆದು, ಅಂತೂ ಬಂಡಿಯನ್ನು ಮಾಬವ್ವನ ಮನೆಯ ಬಾಗಿಲವರೆಗೆ ನೂಕಿ ಮುಟ್ಟಿಸಿದೆ.

ಸೋಮವಾರ ದೇಸಾಯಿ ಸಾಹೇಬರ ಮುಂದೆ ನಕಾಶೆ ಹಾಸಿದೆ. ಹಕ್ಕಿಯ ದಾರಿ ನೇರ ಗೆರೆ. ಬಂಡಿಯ ದಾರಿ ಕೆಂಪು ಗೆರೆ, ಊರನ್ನೆಲ್ಲ ಸುತ್ತಿಕೊಂಡು, ಹಲವು ಪಟ್ಟು ಉದ್ದ. ಅವರು ಕನ್ನಡಕ ತೆಗೆದರು. ಆದರೆ ಒರೆಸಲಿಲ್ಲ. ನಕಾಶೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೆಂಪು ಗೆರೆಯ ಮೇಲೆ ಬೆರಳಾಡಿಸುತ್ತ ಹೋದರು.

"ಇದನ್ನ ಯಾರು ನಡದವ್ರು?"

"ನಾನ್ರಿ ಸರ. ಆರು ಕೊಡದ ಬಂಡಿ ನೂಕಿಕೊಂಡು."

ಅವರು ನನ್ನ ಮುಖವನ್ನೂ ಇನ್ನೂ ಮಣ್ಣು ಹೋಗದ ಬೂಟನ್ನೂ ನೋಡಿದರು. "ಎಲ್ಲಾ ಓಣಿಗೂ ಹಿಂಗ ನಡದು ನೋಡಬೇಕಾಗಿತ್ತಲ್ರಿ ನಾವು" ಎಂದು ಪಟ್ಟಿಯ ಕೊನೆಯಲ್ಲಿ ತಮ್ಮ ಕೈಯಿಂದಲೇ ಮಾಬವ್ವನ ಓಣಿಯ ಹೆಸರು ಬರೆದು ಸಹಿ ಹಾಕಿದರು. ಆಮೇಲೆ ನಕ್ಕರು. ದೇಸಾಯಿ ಸಾಹೇಬರು ಕಚೇರಿಯಲ್ಲಿ ನಕ್ಕದ್ದನ್ನು ನಾನು ದಿನಚರಿಯಲ್ಲಿ ಎರಡು ಸಲ ಬರೆದಿದ್ದೇನೆ. ಇದು ಒಂದು.

ಗುಮ್ಮಿ ಬಂದದ್ದು ಮುಂದಿನ ಬೇಸಿಗೆಗೆ ಮುಂಚೆ. ಮೊದಲ ಸಲ ನೀರು ಬಿಟ್ಟ ದಿನ ನಾನೂ ಹೋಗಿದ್ದೆ. ದುರಗಪ್ಪ ವಾಲ್ವ್ ತಿರುಗಿಸಿದ. ನಳಗಳು ಮೊದಲು ಕೆಮ್ಮಿದವು, ಕೆಂಪು ನೀರು ಉಗುಳಿದವು, ಆಮೇಲೆ ನಾಲ್ಕೂ ಒಟ್ಟಿಗೆ ಸುರಿದವು. ಮಾಬವ್ವ ಮೊದಲ ಕೊಡ ತುಂಬಿಕೊಂಡು ಒಳಗೆ ಹೋಗುತ್ತಾಳೆ ಎಂದುಕೊಂಡರೆ, ಸೀದಾ ಬಂದು ದುರಗಪ್ಪನ ತಲೆಯ ಮೇಲೆ ಸುರಿದಳು.

"ಯವ್ವಾ, ಹೊಸಾ ಅಂಗಿ ಬೇ!"

"ಹದಿನಾಕು ಬೋರಿಂಗಿನ ಒಡೆಯ ನೀನು, ಒಂದು ಕೊಡ ನೀರಿಗೆ ಹೆದರ್ತೀ?"

ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಶಂಕ್ರಪ್ಪನಂತೂ ತನ್ನ ಹೋಟೆಲಿನ ಹಲಗೆಯನ್ನು ಹೊಸದಾಗಿ ಬರೆಸಿದ: "ಹದಿನಾಲ್ಕು ಬೋರಿಂಗ್ ಹೋಟೆಲ್". ಸುತ್ತಿನ ಹಳ್ಳಿಗಳವರು ಈಗ ಅದೇ ಗುರುತು ಹೇಳಿ ಬಸ್ಸು ಇಳಿಯುತ್ತಾರೆ. ರೇಷ್ಮಾ ಅದನ್ನು ಅಂತರ್ಜಾಲದ ನಕಾಶೆಗೂ ಸೇರಿಸಿದ್ದಾಳೆ.

ಇಲ್ಲಿಗೆ ಮುಗಿಸಿದ್ದರೆ ನನಗೂ ಸುಖವಿತ್ತು.

ಈ ಬರಹಕ್ಕೆಂದು ಹಳೆಯ ದಿನಚರಿಗಳನ್ನು ತಿರುವುತ್ತಿದ್ದಾಗ, ವಾಟರ್‌ಮನ್‌ಗಳಿಗೆ ಊರೂರಿಗೆ ಹೋಗಿ ಫೋನು ಬಳಸಲು ಕಲಿಸುವಾಗ ಆ ಊರಿನಲ್ಲಿದ್ದ ದಿನದ ಪುಟ ಸಿಕ್ಕಿತು. ನನ್ನದೇ ಅಕ್ಷರ. "ಸಿಗ್ನಲ್ ಹೋಟೆಲ್ ಕಟ್ಟೆಯಲ್ಲಿ ಮಾತ್ರ. ಫೋಟೊಗಳನ್ನೆಲ್ಲ ತೆಗೆದುಕೊಂಡು ಬಂದು ಇಲ್ಲಿಯೇ ಗುಂಡಿ ಒತ್ತಲು ದುರಗಪ್ಪನಿಗೆ ಹೇಳಿದೆ. ಬಹಳ ಸಮಯ ಉಳಿಯಿತು." ಕೊನೆಯ ವಾಕ್ಯದ ಕೆಳಗೆ ಹೆಮ್ಮೆಯ ಒಂದು ಗೆರೆ ಕೂಡ ಎಳೆದಿದ್ದೆ.

ಇಷ್ಟು ವರ್ಷ ನಾನು ಈ ಕಥೆಯನ್ನು ತರಬೇತಿಗಳಲ್ಲಿ ಹೇಳಿದ್ದು ಹೀಗೆ: "ನಮ್ಮ ವಾಟರ್‌ಮನ್ ಒಬ್ಬ ಚಹಾ ಕುಡಿಯುತ್ತ ಕೂತಲ್ಲೇ ಊರಿನ ಬೋರಿಂಗುಗಳನ್ನೆಲ್ಲ ತಂದುಬಿಟ್ಟ." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವನ ಹೆಸರು ಹೇಳುತ್ತಿರಲಿಲ್ಲ ಎಂಬುದನ್ನೇ ದೊಡ್ಡ ಉಪಕಾರವೆಂದು ತಿಳಿದಿದ್ದೆ. ಮೇಲೆ ನಾನೇ, "ವಾಟರ್‌ಮನ್ ಕಟ್ಟೆಗೆ ಬಂದು ಗುಂಡಿ ಒತ್ತಿದ್ದ" ಎಂದು ಬರೆದಿದ್ದೇನೆ. ಅದು ಸುಳ್ಳಲ್ಲ. ಆದರೆ ಒತ್ತಿಸಿದವನು ನಾನು.

ಹೋದ ತಿಂಗಳು ದಿನಚರಿಯನ್ನು ಚೀಲಕ್ಕೆ ಹಾಕಿಕೊಂಡು ಆ ಊರಿಗೆ ಹೋದೆ. ದುರಗಪ್ಪ ಅದೇ ಹೋಟೆಲಿನ ಬೆಂಚಿನ ಮೇಲೆ ಸಿಕ್ಕ. ಆ ಪುಟವನ್ನು ಅವನಿಗೆ ಓದಿ ಹೇಳಿದೆ. ಅವನು ಮಿರ್ಚಿ ಭಜಿ ಮುರಿಯುತ್ತ ಕೇಳಿದ.

"ಹೌದಲ್ರಿ ಸರ. ಅವತ್ತು ನೀವ ಈ ಕಟ್ಟಿ ತೋರಿಸಿ, ಇಲ್ಲೆ ನಿಂತು ಒತ್ತು ಅಂದಿದ್ರಿ."

"ನಿನಗೆ ನೆನಪಿತ್ತೇ? ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಊರಿಗೆ ಊರ ನಿಂತು ನೋಡಾಕತ್ತಿತ್ರಿ, ನೀವು ಬಂಡಿ ನೂಕಾಕತ್ತಿದ್ರಿ. ಅದರ ಮ್ಯಾಲ ಇನ್ನೇನ್ ಹೇಳ್ಲಿ? ಭಜಿ ತಗೋರಿ, ಆರತೈತಿ."

ತರಬೇತಿಗಳಲ್ಲಿ ನಾನು ಹೇಳುತ್ತಿದ್ದ ಮಾತನ್ನೂ ಅವನಿಗೆ ಹೇಳಿದೆ. ಅವನು, "ಮುಂದ ಹೇಳುವಾಗ ನನ್ನ ಹೆಸರು ಹಚ್ಚಿ ಹೇಳ್ರಿ. ನಿಮ್ಮದೂ ಹಚ್ರಿ" ಎಂದ. ಹಾಗೇ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಮಾಬವ್ವ ಬಂದಳು. ಈಗ ಬಳೆಯ ಬುಟ್ಟಿ ಹೊರುವುದಿಲ್ಲ, ಮನೆಯಲ್ಲೇ ಮಾರುತ್ತಾಳೆ. ಬಂಡಿಯ ಕಬ್ಬಿಣದ ಬಳೆಗಳಲ್ಲಿ ಹೂವಿನ ಕುಂಡ ಇಟ್ಟಿದ್ದಾಳೆ. "ಏನ್ ಓದಾಕತ್ತೀರಿ? ನಂದೂ ಐತೇನು ಅದರಾಗ?" ಎಂದಳು. ಬಂಡಿಯ ದಿನದ ಪುಟ ತೆಗೆದು ಸ್ವಲ್ಪ ಗಂಟಲು ಸರಿಮಾಡಿಕೊಂಡು ಓದಿದೆ: "ಬೋರಿಂಗಿನಿಂದ ಮಾಬವ್ವನ ಮನೆಯ ಬಾಗಿಲವರೆಗೆ ಬಂಡಿಯನ್ನು ನಾನೇ ನೂಕಿದೆ."

"ಎಲ್ಲೀತನಕ?"

"ನಿಮ್ಮ ಬಾಗಿಲತನಕ."

ಮಾಬವ್ವ ದುರಗಪ್ಪನ ಮುಖ ನೋಡಿದಳು. ದುರಗಪ್ಪ ಭಜಿಯ ತಟ್ಟೆ ನೋಡಿದ.

"ಸೇತುವಿ ಮಟಾರಿ" ಎಂದಳು ಮಾಬವ್ವ. "ಅಲ್ಲಿ ಏದುಸಿರು ಬಿಟಗೋತ ಕಲ್ಲಿನ ಮ್ಯಾಲ ಕುಂತ್ರಿ. ಅಲ್ಲಿಂದ ನೂಕಿದಾಕಿ ನಾನು. ನೀವು ಕಿಸೆ ಹಿಡಕೊಂಡು ಬಾಜೂಕ ನಡಕೋತ ಬಂದ್ರಿ."

"ಆದರೆ ಅವತ್ತು ರಾತ್ರಿಯೇ ಬರೆದದ್ದು ಇದು" ಎಂದೆ.

"ಅವತ್ತ ಬರದ್ರೇನಾತು? ನೂಕಿದಾಕಿಗೆ ಗೊತ್ತಿರಂಗಿಲ್ಲೇನು?"

ದುರಗಪ್ಪನ ಕಡೆ ನೋಡಿದೆ. ಅವನು ಹೌದೆಂದು ತಲೆಯಾಡಿಸಿ, ನನ್ನ ಮರ್ಯಾದೆಗಾಗಿ, "ಅರ್ಧದಕಿಂತ ಚೂರು ಜಾಸ್ತಿ ನೂಕಿದ್ರಿ ಸರ" ಎಂದ.

ಕೆಂಪು ಗೆರೆಯಲ್ಲಿ ಇದು ಇಲ್ಲ. ಯಂತ್ರ ದಾರಿಯನ್ನು ಬರೆದುಕೊಂಡಿತ್ತು, ನೂಕಿದವರು ಯಾರೆಂದು ಅದನ್ನು ಯಾರೂ ಕೇಳಿರಲಿಲ್ಲ. ಪೆನ್ನು ತೆಗೆದು ದಿನಚರಿಯ ಆ ಸಾಲಿನ ಮುಂದೆ "ಸ್ಥಳೀಯ ಷರಾ" ಎಂದು ಬರೆದು, ಮಾಬವ್ವ ಹೇಳಿದ್ದನ್ನು ಅವಳ ಮಾತಿನಲ್ಲೇ ಸೇರಿಸಿದೆ. ಓದಿ ಹೇಳ್ರಿ ಎಂದಳು. ಓದಿದೆ. ಸರಿ ಐತಿ ಎಂದಳು. ಕೆಳಗೆ ಅವಳು ಸಹಿ ಮಾಡಿದಳು, ದುರಗಪ್ಪ ಸಾಕ್ಷಿ ಹಾಕಿದ, ಪುಟದ ಅಂಚಿಗೆ ಭಜಿಯ ಎಣ್ಣೆ ಹತ್ತಿತು.

ಮೇಲೆ ನಾನು "ಮಾಬವ್ವನ ಮನೆಯ ಬಾಗಿಲವರೆಗೆ" ಎಂದು ಬರೆದದ್ದನ್ನು ಅಳಿಸಿಲ್ಲ. ಓದುವವರು ಅಲ್ಲಿ "ಸೇತುವೆಯವರೆಗೆ" ಎಂದು ತಿದ್ದಿಕೊಳ್ಳಬೇಕು.